ಮುಖ ತೋರಿಸದ ಬಾದಶಹ

(1)
ಮೊದಲ ಚಿತ್ರವನ್ನ ಒಂದು ನಿಮಿಷ ಸುಮ್ಮನೆ ನೋಡಿ. ಆಮೇಲೆ ಓದಿ.

ಆಗ್ರಾ ಕೋಟೆಯ ಅಮೃತಶಿಲೆಯ ಮಂಟಪ. ಹಾಸಿಗೆಯ ಮೇಲೆ ಕೊನೆಯುಸಿರಿನಲ್ಲಿರುವ ಷಹಜಹಾನ್. ಕಾಲಬುಡದಲ್ಲಿ ಮಗಳು ಜಹಾನಾರಾ. ದೂರದಲ್ಲಿ ಚಿಕ್ಕದಾಗಿ ತಾಜ್ ಮಹಲ್. ಬಾದಶಹ ತಲೆಯನ್ನ ಆ ಕಡೆ ತಿರುಗಿಸಿಕೊಂಡಿದ್ದಾನೆ. ಅವನ ಮುಖ ನಮಗೆ ಸರಿಯಾಗಿ ಕಾಣೋದೇ ಇಲ್ಲ.

ಕಣ್ಣೀರಿಲ್ಲ, ಎದೆ ಬಡಿದುಕೊಳ್ಳುವವರಿಲ್ಲ. ಆದರೂ ಎದೆ ಭಾರ ಆಗುತ್ತೆ, ಅಲ್ವಾ? ಯಾಕೆ ಅಂತ ಹುಡುಕೋದೇ ಈ ಕಂತು.

(2)
ಇದನ್ನ ಬರೆದವರು ಅವನೀಂದ್ರನಾಥ ಟಾಗೋರ್ (1871–1951). ಸಂಬಂಧದಲ್ಲಿ ರವೀಂದ್ರನಾಥರಿಗೆ ಮಗನ ವರಸೆ. ಚಿತ್ರದ ಕಾಲ 1902ರ ಸುಮಾರು. ದೆಹಲಿ ದರ್ಬಾರಿನ ಪ್ರದರ್ಶನದಲ್ಲಿ ಇದಕ್ಕೆ ಬೆಳ್ಳಿ ಪದಕ ಬಂತು.

ಆ ಹೊತ್ತಿಗೆ ಕಲ್ಕತ್ತೆಗೆ ಪ್ಲೇಗ್ ಬಂದಿತ್ತು. ಅವನೀಂದ್ರನಾಥರ ಪುಟ್ಟ ಮಗಳು ಅದಕ್ಕೆ ಬಲಿಯಾದಳು. ಮಗಳನ್ನ ಕಳೆದುಕೊಂಡ ಸಂಕಟವನ್ನೆಲ್ಲ ಈ ಚಿತ್ರದಲ್ಲೇ ಸುರಿದೆ ಅಂತ ಅವರು ಮುಂದೆ ನೆನಪಿಸಿಕೊಂಡರು. ಈಗ ಇನ್ನೊಮ್ಮೆ ಚಿತ್ರ ನೋಡಿ. ಇಲ್ಲಿ ಸಾಯುತ್ತಿರೋದು ತಂದೆ, ಬದುಕಿ ಪಕ್ಕದಲ್ಲಿ ಕೂತಿರೋದು ಮಗಳು. ಅವರ ಮನೆಯಲ್ಲಿ ಆಗಿದ್ದು ಇದರ ತಿರುಗುಮುರುಗು.

ಒಂದು ವಿಷಯ ಮುಚ್ಚಿಡೋದಿಲ್ಲ: ಈ ಚಿತ್ರ ಜಲವರ್ಣ ಅಲ್ಲ, ತೈಲವರ್ಣ. ಜಲವರ್ಣದ ಕಥೆಯನ್ನ ಇಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಹೇಳಬೇಕಾದ ನೋವು ಮೊದಲು ಬಂತು. ಅದಕ್ಕೆ ತಕ್ಕ ನೀರು ಆಮೇಲೆ ಸಿಕ್ಕಿತು.

(3)
ಆಗ ಭಾವಚಿತ್ರ ಅಂದ್ರೆ ಏನಿತ್ತು? ಒಂದು ಕಡೆ ಯುರೋಪಿನ ತೈಲಚಿತ್ರ: ಪಕ್ಕದಿಂದ ಬೀಳುವ ಬೆಳಕು, ಗಾಢ ನೆರಳು, ಮಿನುಗುವ ಒಡವೆ. ರಾಜಾ ರವಿವರ್ಮ ಅದರಲ್ಲಿ ಎತ್ತಿದ ಕೈ. ಇನ್ನೊಂದು ಕಡೆ ಮೊಘಲ್ ಕಿರುಚಿತ್ರ: ಗಡ್ಡದ ಒಂದೊಂದು ಕೂದಲೂ ಎಣಿಸಬಹುದು. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲ ಇ. ಬಿ. ಹ್ಯಾವೆಲ್ ಮೊಘಲ್ ಚಿತ್ರಗಳತ್ತ ಅವನೀಂದ್ರನಾಥರ ಗಮನ ಸೆಳೆದರು. ಆ ಕೈಚಳಕಕ್ಕೆ ಇವರು ಬೆರಗಾದರು. ಆದರೆ ಒಂದು ಕೊರತೆಯೂ ಕಂಡಿತು. ಎಲ್ಲವೂ ಇದೆ, ಭಾವ ಸಾಲದು.

1903ರಲ್ಲಿ ಜಪಾನಿನ ಇಬ್ಬರು ಚಿತ್ರಕಾರರು ಕಲ್ಕತ್ತೆಗೆ ಬಂದರು: ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ. ತೈಕಾನ್ ಬಣ್ಣದ ಮೇಲೆ ಒದ್ದೆ ಕುಂಚ ಎಳೆದು ಅಂಚುಗಳನ್ನ ಮೆತ್ತಗೆ ಮಾಡೋದನ್ನ ಅವನೀಂದ್ರನಾಥರು ಪಕ್ಕದಲ್ಲೇ ಕೂತು ನೋಡಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಚಿತ್ರವನ್ನೇ ನೀರಲ್ಲಿ ಅದ್ದಿಬಿಟ್ಟರು!

ಇದೇ ‘ವಾಶ್’ ಪದ್ಧತಿ. ತೆಳುವಾಗಿ ಬಣ್ಣ ಹಚ್ಚಬೇಕು, ಒಣಗಿಸಬೇಕು, ಕಾಗದವನ್ನ ನೀರಲ್ಲಿ ಅದ್ದಬೇಕು. ಮೇಲೆ ನಿಂತ ಬಣ್ಣ ತೊಳೆದುಹೋಗುತ್ತೆ, ಕಾಗದದ ನಾರು ಹೀರಿಕೊಂಡಷ್ಟು ಮಾತ್ರ ಉಳಿಯುತ್ತೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ. ಕೊನೆಗೆ ಮುಖ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ಹೇಳೋಕೆ ಆಗೋದಿಲ್ಲ. ತೈಲದಲ್ಲಿ ಬೆಳಕನ್ನ ಬಿಳಿ ಬಣ್ಣ ಹಾಕಿ ತರುತ್ತಾರೆ. ಇಲ್ಲಿ ಕಾಗದದ ಬಿಳುಪೇ ಒಳಗಿನಿಂದ ಬೆಳಗುತ್ತೆ.

(4)
ಮುಂದಿನ ಚಿತ್ರ, 1905ರ ‘ಭಾರತ ಮಾತಾ’. ಬಂಗಾಳ ಒಡೆದ ವರ್ಷ. ಕಾವಿ ಬಟ್ಟೆಯ ಹೆಣ್ಣುಮಗಳು, ನಾಲ್ಕು ಕೈ: ಪುಸ್ತಕ, ಭತ್ತದ ತೆನೆ, ಬಿಳಿ ಬಟ್ಟೆ, ಜಪಮಾಲೆ. ಆಯುಧ ಒಂದೂ ಇಲ್ಲ. ಮೊದಲು ಇವಳ ಹೆಸರು ‘ಬಂಗ ಮಾತಾ’. ದೇವಿಯ ಹಾಗೆ ನಾಲ್ಕು ಕೈ ಇದ್ದರೂ ಮುಖ ಮಾತ್ರ ನಮ್ಮ ಬೀದಿಯಲ್ಲಿ ಸಿಗುವ ಯಾವುದೋ ಅಕ್ಕನದು. ಸಿಟ್ಟಿಲ್ಲ, ಅಳುವಿಲ್ಲ. ಏನನ್ನೋ ನುಂಗಿಕೊಂಡು ನಿಂತಿದ್ದಾಳೆ.

ಅದರ ಮುಂದಿನದು ರವೀಂದ್ರನಾಥರು. 1916ರಲ್ಲಿ ‘ಫಾಲ್ಗುಣಿ’ ನಾಟಕದಲ್ಲಿ ಅವರು ಕುರುಡ ಬಾವುಲನ ಪಾತ್ರ ಮಾಡಿದರು. ಅವನೀಂದ್ರನಾಥರು ಆ ವೇಷದಲ್ಲೇ ಅವರನ್ನ ಚಿತ್ರಿಸಿದರು. ಭಾವ ತೋರಿಸೋಕೆ ಚಿತ್ರಕಾರರು ಮೊದಲು ಹಿಡಿಯೋದೇ ಕಣ್ಣನ್ನ. ಇಲ್ಲಿ ಆ ಬಾಗಿಲೇ ಮುಚ್ಚಿದೆ. ಇಡೀ ಮೈ ಮಾತಾಡಬೇಕು.

ಷಹಜಹಾನನ ಮುಖ ತಿರುಗಿದೆ. ಬಾವುಲನಿಗೆ ನೋಟ ಇಲ್ಲ. ಗಮನಿಸಿದ್ರಾ? ಅವನೀಂದ್ರನಾಥರು ಭಾವ ತಂದದ್ದು ಏನನ್ನೋ ಸೇರಿಸಿ ಅಲ್ಲ, ಏನನ್ನೋ ಬಿಟ್ಟು. ನೀರಿನ ಕೆಲಸವೂ ಅದೇ ತಾನೇ? ತೊಳೆದು, ಬೇಕಾದಷ್ಟನ್ನೇ ಉಳಿಸೋದು.

(5)
ಹಾಗಂತ ವಾಶ್ ಮಾಡಿದ್ದೆಲ್ಲ ಭಾವಪೂರ್ಣ ಅಂದುಕೊಳ್ಳಬೇಡಿ. ಶಿಷ್ಯರು, ಶಿಷ್ಯರ ಶಿಷ್ಯರು ಇದನ್ನ ಸೂತ್ರ ಮಾಡಿಕೊಂಡರು. ಎಲ್ಲೆಲ್ಲೂ ಮಂಜು, ಅರೆಮುಚ್ಚಿದ ಕಣ್ಣು, ಬಳುಕುವ ಬೆರಳು. 1930ರ ದಶಕದಲ್ಲಿ ಅಮೃತಾ ಶೇರ್‌ಗಿಲ್ ಬಂಗಾಳ ಶೈಲಿಯನ್ನ ಖಾರವಾಗಿಯೇ ಟೀಕಿಸಿದರು. ಅವನೀಂದ್ರರ ಪ್ರಿಯ ಶಿಷ್ಯ ನಂದಲಾಲ್ ಬೋಸ್ ಕೂಡ ಗಟ್ಟಿ ಗೆರೆಯ ಕಡೆ ಹೊರಳಿದರು. ಮಂಜನ್ನ ಯಾರು ಬೇಕಾದರೂ ನಕಲು ಮಾಡಬಹುದು. ಅದರ ಹಿಂದಿದ್ದ ಸಂಕಟ ನಕಲಿಗೆ ಸಿಗೋದಿಲ್ಲ.

(6)
ನಮ್ಮೂರಿಗೂ ಇದರ ಒಂದು ಎಳೆ ಬಂದಿದೆ. ಮೈಸೂರಿನ ಅರಮನೆ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪ (1886–1965) ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಬಳಿ ಕಲಿತರು. ವಾಪಸ್ ಬಂದ ಮೇಲೆ ಹೆಸರಾಗಿದ್ದು ಊಟಿ, ಕೊಡೈಕೆನಾಲಿನ ಜಲವರ್ಣ ದೃಶ್ಯಗಳಿಂದ. ಅವುಗಳಲ್ಲಿ ಮುಖವಿಲ್ಲ. ಬೆಟ್ಟ, ಮರ, ಮಂಜು ಅಷ್ಟೇ. ಆದರೂ ನನಗೆ ಅವು ಒಬ್ಬ ಒಂಟಿ ಮನುಷ್ಯನ ಭಾವಚಿತ್ರದ ಹಾಗೇ ಕಾಣುತ್ತವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಮೊಬೈಲಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಜಲವರ್ಣದ ಒಳಬೆಳಕು ಗೊತ್ತಾಗಬೇಕಾದರೆ ಕಾಗದದ ಎದುರೇ ನಿಲ್ಲಬೇಕು.

ಇನ್ನು ಮುಂದೆ ಯಾವುದಾದರೂ ಭಾವಚಿತ್ರದ ಮುಂದೆ ನಿಂತಾಗ ‘ಎಷ್ಟು ತದ್ರೂಪ ಬರೆದಿದ್ದಾರೆ!’ ಅನ್ನೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಏನನ್ನ ಬರೆಯದೇ ಬಿಟ್ಟಿದ್ದಾರೆ?

ನಿಮ್ಮನ್ನ ಹಾಗೆ ತಡೆದು ನಿಲ್ಲಿಸಿದ ಮುಖ ಯಾವುದು? ಕೆಳಗೆ ಬರೆಯಿರಿ, ಓದ್ತೀನಿ.

#ಚಿತ್ರಕಲೆ #ಜಲವರ್ಣ #ಅವನೀಂದ್ರನಾಥ #ಕೆವೆಂಕಟಪ್ಪ #ಕಲಾಇತಿಹಾಸ