ಆ ಊರಿನವರ ಪಾಲಿನ ಮಳೆ

ಪಾವಗಡದ ನಮ್ಮ ಅಜ್ಜಿಗೆ ಕಾಮನಬಿಲ್ಲು ಕಂಡರೆ ಆಗುತ್ತಿರಲಿಲ್ಲ. ಕಡಲೆಕಾಯಿ ಗಿಡ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಮೋಡ ಕವಿದು, ನಾಲ್ಕು ಹನಿ ಉದುರಿ, ಮತ್ತೆ ಬಿಸಿಲು ಬಂದುಬಿಡುತ್ತಿತ್ತು. ಮೂಡಲಲ್ಲಿ ಬಿಲ್ಲು ಕಂಡು ನಾವು ಹುಡುಗರು ಕುಣಿದರೆ, "ಕುಣೀರಿ ಕುಣೀರಿ, ಮಳೆ ಆ ಊರೋರ ಪಾಲಾಯ್ತು" ಎಂದು ಒಳಗೆ ಹೋಗುತ್ತಿದ್ದಳು. ಬೇಸರದ ಮಾತು ಅಂದುಕೊಂಡಿದ್ದೆ. ವಿಜ್ಞಾನದ ಚರಿತ್ರೆಯಲ್ಲಿ ಸಂಶೋಧನೆಗೆ ಸೇರಿದ ಮೇಲೆ, ಅದರಲ್ಲಿ ಒಳ್ಳೆಯ ಭೌತಶಾಸ್ತ್ರವೇ ಇದೆ ಅನ್ನಿಸಿತು. ಬಿಲ್ಲು ಕಾಣಬೇಕಾದರೆ ನಮ್ಮ ಬೆನ್ನಿಗೆ ಬಿಸಿಲು, ಎದುರಿಗೆ ಮಳೆ ಇರಬೇಕು. ಆ ಮಳೆ ಸಾಮಾನ್ಯವಾಗಿ ಬೇರೆಯವರ ಹೊಲದ ಮೇಲೆಯೇ ಸುರಿಯುತ್ತಿರುತ್ತದೆ.

ಬಿಲ್ಲಿನಿಂದ ಮಳೆಯ ಲೆಕ್ಕ ಹಾಕಿದವರಲ್ಲಿ ಅಜ್ಜಿ ಮೊದಲಿಗಳೇನಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಇಂದ್ರಧನುಸ್ಸಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಸೂರ್ಯನ ಬಣ್ಣಬಣ್ಣದ ಕಿರಣಗಳು ಗಾಳಿಯ ಹೊಡೆತಕ್ಕೆ ಸಿಕ್ಕಿ, ಮೋಡವಿರುವ ಆಕಾಶದಲ್ಲಿ ಬಿಲ್ಲಿನಂತೆ ಕಾಣುತ್ತವೆ ಎನ್ನುತ್ತಾನೆ. ಗಾಳಿಯ ಮಾತು ತಪ್ಪು. ಆದರೆ ಬಣ್ಣ ಸೂರ್ಯನದೇ ಎಂದು ಹಿಡಿದದ್ದು ಸಣ್ಣ ಸಂಗತಿಯಲ್ಲ. ಪಡುವಲಲ್ಲಿ ಕಂಡ ಬಿಲ್ಲು ಯಾವಾಗಲೂ ಮಳೆ ತರುತ್ತದೆ. ಮೂಡಲಿನದು ಮಳೆಯಿಲ್ಲದಾಗ ಮಳೆ ತರುತ್ತದೆ, ಮಳೆಯಿದ್ದಾಗ ನಿಲ್ಲಿಸುತ್ತದೆ ಎಂದೂ ಬರೆದಿದ್ದಾನೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಒಳಗುಟ್ಟು ಬಿಚ್ಚಿಕೊಂಡದ್ದು ಮೋಡವನ್ನು ಬಿಟ್ಟು ಒಂದೇ ಒಂದು ಹನಿಯನ್ನು ನೋಡಿದಾಗ. ಹನಿಯನ್ನು ಹಿಡಿದು ನಿಲ್ಲಿಸಲಾಗದು. ಹಾಗಾಗಿ ದುಂಡನೆಯ ಗಾಜಿನ ಬುರುಡೆಗೆ ನೀರು ತುಂಬಿ ಅದನ್ನೇ ದೊಡ್ಡ ಹನಿ ಎಂದುಕೊಂಡರು. 14ನೇ ಶತಮಾನದ ಆರಂಭದಲ್ಲಿ ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ, ಜರ್ಮನಿಯ ಕ್ರೈಸ್ತ ಸನ್ಯಾಸಿ ಥಿಯೋಡೊರಿಕ್ ಇಬ್ಬರೂ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಇದನ್ನೇ ಮಾಡಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಬೆಳಕು ಹನಿಯೊಳಗೆ ಹೋಗುವಾಗ ಬಾಗುತ್ತದೆ, ಒಳಗಿನ ಹಿಂಗೋಡೆಗೆ ಬಡಿದು ಹಿಂದಿರುಗುತ್ತದೆ, ಹೊರಬರುವಾಗ ಇನ್ನೊಮ್ಮೆ ಬಾಗುತ್ತದೆ.

ಆದರೆ ಬಿಲ್ಲು ಅಷ್ಟೇ ಎತ್ತರಕ್ಕೆ ಯಾಕೆ? 1637ರಲ್ಲಿ ದೆಕಾರ್ತ್ ಒಂದೊಂದೇ ಕಿರಣದ ದಾರಿಯನ್ನು ಲೆಕ್ಕ ಹಾಕಿದ. ಕಿರಣ ಹನಿಯ ನಡುವಿನಿಂದ ಅಂಚಿನ ಕಡೆಗೆ ಸರಿದಂತೆ ಅದು ಹಿಂದಿರುಗುವ ಕೋನ ಏರುತ್ತಾ ಹೋಗಿ, ಸುಮಾರು 42 ಡಿಗ್ರಿ ಮುಟ್ಟಿ, ಮತ್ತೆ ಇಳಿಯುತ್ತದೆ. ಜೋಕಾಲಿ ತುತ್ತತುದಿಯಲ್ಲಿ ಒಂದು ಗಳಿಗೆ ತಡೆದಂತೆ, ಕಿರಣಗಳೂ ಆ ತಿರುವಿನಲ್ಲಿ ಗುಂಪುಗೂಡುತ್ತವೆ. ನಮಗೆ ಕಾಣುವುದು ಆ ಗುಂಪು. ಬಣ್ಣಗಳು ಬೇರೆಯಾಗುವುದನ್ನು ನ್ಯೂಟನ್ ತೋರಿಸಿದ: ಕೆಂಪು ಬಾಗುವುದು ಕಡಿಮೆ, ನೇರಳೆ ಬಾಗುವುದು ಹೆಚ್ಚು. ಹಾಗಾಗಿ ಕೆಂಪು 42ರ ಹತ್ತಿರ, ನೇರಳೆ 40ರ ಹತ್ತಿರ. ಮೊದಲು ಐದು ಬಣ್ಣ ಎಣಿಸಿದ್ದವನು ಆಮೇಲೆ ಸಪ್ತಸ್ವರಗಳಿಗೆ ಸರಿಹೊಂದಲೆಂದು ಏಳು ಮಾಡಿದ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅವನ ಸಂಗೀತದ ಹುಚ್ಚನ್ನು! ಅವನ 'ಪ್ರಿನ್ಸಿಪಿಯಾ' ಅಚ್ಚಾದ 1687ರಲ್ಲೇ ನಮ್ಮ ಶಿರಾ ಮೊಗಲರ ಕೈಸೇರಿ ಸುಬಾದ ರಾಜಧಾನಿಯಾಯಿತು. ಸಂಬಂಧವೇನಿಲ್ಲ, ಇಸವಿ ನೆನಪಿಡಲು ನನಗೆ ಅನುಕೂಲ.

ಈ 42ರ ಲೆಕ್ಕ ನಮ್ಮ ಸೀಮೆಯಲ್ಲಿ ಒಂದು ವೇಳಾಪಟ್ಟಿಯನ್ನೇ ಹಾಕಿದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ನೆಲದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಹಸ್ತ ಮಳೆಯ ದಿನಗಳಲ್ಲಿ ಬೆಳಿಗ್ಗೆ ಸುಮಾರು 9ರಿಂದ ಮಧ್ಯಾಹ್ನ 3ರವರೆಗೆ ಎಂಥ ಬಿಸಿಲುಮಳೆ ಬಂದರೂ ಬಯಲಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲಿಲ್ಲ. ಮಧುಗಿರಿ ಬೆಟ್ಟದ ತುದಿಯಲ್ಲಿದ್ದವರಿಗೆ ಸ್ವಲ್ಪ ವಿನಾಯಿತಿ, ಕೆಳಗಿನ ಕಣಿವೆಯಲ್ಲಿ ಮಳೆಯಿದ್ದರೆ. ಬಿಲ್ಲಿನ ನಡುಬಿಂದು ಸದಾ ನೋಡುವವರ ತಲೆಯ ನೆರಳಿನ ಕಡೆಗೇ ಇರುತ್ತದೆ. ಹಾಗಾಗಿ ಮಧುಗಿರಿಯವರು ಕಂಡ ಬಿಲ್ಲೇ ಬೇರೆ, ಅದೇ ಗಳಿಗೆಯಲ್ಲಿ ಕೊರಟಗೆರೆಯವರು ಕಂಡದ್ದೇ ಬೇರೆ. ಮಳೆ ಪಡೆದ 'ಆ ಊರಿನವರಿಗೆ' ಅಜ್ಜಿಯ ಬಿಲ್ಲು ಕಾಣುತ್ತಲೇ ಇರಲಿಲ್ಲ.

ಈಗ ವರಾಹಮಿಹಿರನ ದಿಕ್ಕುಗಳು. ಬೆಳಗಿನ ಬಿಲ್ಲು ಪಡುವಲಲ್ಲಿ, ಸಂಜೆಯದು ಮೂಡಲಲ್ಲಿ. ಮುಂಗಾರಿನ ಪಡುವಣ ಗಾಳಿಯಲ್ಲಿ ಸಂಜೆಯ ಬಿಲ್ಲು ಎಂದರೆ ಬಹುಮಟ್ಟಿಗೆ ನಮ್ಮನ್ನು ದಾಟಿಹೋದ ಮಳೆ, ಅಜ್ಜಿ ಸರಿ. ಆದರೆ ಹಿಂಗಾರಿನಲ್ಲಿ ಗಾಳಿ ಮೂಡಲಿಂದ ಬೀಸುತ್ತದೆ. ಆಗ ಆಂಧ್ರದ ಕಡೆ ಕಂಡ ಸಂಜೆಯ ಬಿಲ್ಲು ನಮ್ಮತ್ತ ಬರುತ್ತಿರುವ ಮಳೆಯೂ ಆಗಿರಬಹುದು.

ಇದನ್ನು ಹೋದ ಸಲ ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ.

"ಹಂಗಾರೆ ಬತ್ತೈತಾ?"

"ಬರಬಹುದು ಅಜ್ಜಿ."

"ಬರಬೌದು ಅನ್ನಾಕೆ ಇಷ್ಟು ವರ್ಷ ಓದಿದ್ಯಾ?"

ಮಾರನೆಯ ಬೆಳಿಗ್ಗೆ ಕಡಲೆಕಾಯಿ ಹೊಲಕ್ಕೆ ಸ್ಪ್ರಿಂಕ್ಲರ್ ಬಿಟ್ಟಿದ್ದರು. ಕರೆಂಟು ಇದ್ದಷ್ಟು ಹೊತ್ತು, ಬೋರ್‌ವೆಲ್ ಎತ್ತಿದಷ್ಟು ನೀರು. ಎಂಟು ಗಂಟೆಯ ಬಿಸಿಲಿಗೆ ಬೆನ್ನು ಕೊಟ್ಟು ನಿಂತೆ. ತುಂತುರಿನಲ್ಲಿ ತುಂಡು ಬಿಲ್ಲೊಂದು ಕಂಡಿತು. ಅಜ್ಜಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ಬಿಲ್ಲನ್ನು ಒಂದು ಕ್ಷಣ ನೋಡಿ, ಯಾವ ಸಾಲಿಗೆ ನೀರು ತಲುಪುತ್ತಿಲ್ಲ ಎಂದು ನೋಡಲು ಹೊಲದೊಳಕ್ಕೆ ನಡೆದಳು.