ಐನೂರು ರೂಪಾಯಿಯ ಕಾಯ್ದೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ವ್ಯಕ್ತಿಗತ ದಿವಾಳಿ ಕಾನೂನಿನ ಚರಿತ್ರೆ

1956ರ ನವೆಂಬರ್ 1ಕ್ಕೆ ಮುಂಚೆ ಇಂದಿನ ಚಾಮರಾಜನಗರ ಜಿಲ್ಲೆಯ ನೆಲದಲ್ಲಿ ಎರಡು ದಿವಾಳಿ ಕಾನೂನುಗಳಿದ್ದವು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮೈಸೂರು ಸಂಸ್ಥಾನದ ತಾಲ್ಲೂಕುಗಳಾಗಿದ್ದವು. ಅಲ್ಲಿ ನಡೆಯುತ್ತಿದ್ದುದು 1925ರ ಮೈಸೂರು ದಿವಾಳಿ ಕಾಯ್ದೆ. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಸಂತೇಮರಹಳ್ಳಿಯ ಸಾಲಗಾರ ಒಂದು ಸರ್ಕಾರದ ಕಾನೂನಿಗೆ ಒಳಪಟ್ಟರೆ, ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಇನ್ನೊಂದಕ್ಕೆ. ಏಕೀಕರಣವಾದ ದಿನವೇ ಈ ಭೇದ ಅಳಿಯಲಿಲ್ಲ. ಹಿಂದೆ ‘ಬಿ’ ವರ್ಗದ ರಾಜ್ಯಗಳಾಗಿದ್ದ ಪ್ರದೇಶಗಳಿಗೆ 1920ರ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ, ಮೈಸೂರು ಅಂಥ ರಾಜ್ಯ. 1960ರ ದಶಕದ ಆರಂಭದಲ್ಲಿ ರಾಜ್ಯ ಶಾಸನಸಭೆ ಅದನ್ನು ವಿಸ್ತರಿಸಿದ ಮೇಲೆಯೇ ಗುಂಡ್ಲುಪೇಟೆಗೂ ಕೊಳ್ಳೇಗಾಲಕ್ಕೂ ಒಂದೇ ಕಾಯ್ದೆಯಾಯಿತು.

ಆ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಕಾನೂನು ಕಾಲೇಜಿನಿಂದ ಈಗಷ್ಟೇ ಹೊರಬಂದ ಅನೇಕರಿಗೆ ಇದು ಗೊತ್ತಿಲ್ಲ. 2016ರ ದಿವಾಳಿ ಸಂಹಿತೆ ಬಂತು, ಹಳೆಯದೆಲ್ಲ ಹೋಯಿತು ಎಂಬ ನಂಬಿಕೆ ಬಾರ್ ಅಸೋಸಿಯೇಷನ್‌ಗಳಲ್ಲೂ ಇದೆ. ಸಂಹಿತೆಯ ಮೂರನೇ ಭಾಗ, ಅಂದರೆ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ 78ರಿಂದ 187ರವರೆಗಿನ ಕಲಮುಗಳು, 2019ರ ಡಿಸೆಂಬರ್ 1ರಂದು ಜಾರಿಯಾದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹಳೆಯ ಕಾಯ್ದೆಗಳನ್ನು ರದ್ದುಪಡಿಸುವ 243ನೇ ಕಲಮು ಇನ್ನೂ ಜಾರಿಗೆ ಬಂದಿಲ್ಲ. ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ (2021) ಮತ್ತು ದಿಲೀಪ್ ಜೀವರಾಜ್ಕಾ ಪ್ರಕರಣದಲ್ಲಿ (2023) ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಜಾಮೀನುದಾರರ ಮೇಲಿನ ಈ ವ್ಯವಸ್ಥೆಯನ್ನೇ. ಅರಿಸಿನ ಬೆಳೆದು, ಬೆಲೆ ಬಿದ್ದು, ಕೈಸಾಲದಲ್ಲಿ ಮುಳುಗಿದ ಗುಂಡ್ಲುಪೇಟೆಯ ರೈತನೊಬ್ಬ ವಕೀಲರ ಮುಂದೆ ಬಂದು ಕೂತರೆ ತೆರೆಯಬೇಕಾದ ಪುಸ್ತಕ 1920ರದೇ.

ದಿವಾಳಿ ಕಾನೂನಿನ ಮೂಲವನ್ನು ಇಂಗ್ಲೆಂಡಿನಲ್ಲಿ ಹುಡುಕುವುದು ವಾಡಿಕೆ. ಆದರೆ ತೀರಿಸಲಾಗದ ಸಾಲದ ಚರ್ಚೆ ನಮ್ಮ ನೆಲದಲ್ಲಿಯೇ ಇತ್ತು. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ವ್ಯವಹಾರ ಪದಗಳ ಪೈಕಿ ಮೊದಲನೆಯದೇ ಋಣಾದಾನ. ಕೈಯಲ್ಲಿ ಇಲ್ಲದವನು ದುಡಿದು ತೀರಿಸಬೇಕು, ಬ್ರಾಹ್ಮಣನಾದರೆ ಸಂಪಾದಿಸಿದಂತೆ ನಿಧಾನವಾಗಿ ಕೊಡಬಹುದು ಎಂಬ ಯಾಜ್ಞವಲ್ಕ್ಯನ ನಿಯಮಕ್ಕೆ ಅಲ್ಲಿ ವ್ಯಾಖ್ಯಾನವಿದೆ. ಜಾತಿಗೊಂದು ಕಂತು! ಸಾಲ ಪೂರ್ತಿ ಮನ್ನಾ ಆಗುವ ಮಾತು ಅಲ್ಲಿಲ್ಲ. ತಂದೆಯ ಋಣ ಮಗನ ಹೆಗಲಿಗೆ ಬರುತ್ತಿತ್ತು. ಈ ಕೊನೆಯ ಅಂಶ ವಕೀಲರಿಗೆ ಬರೀ ಇತಿಹಾಸವಾಗಿ ಉಳಿಯಲಿಲ್ಲ. ದಿವಾಳಿಯಾದ ತಂದೆಗೆ ಮಕ್ಕಳ ಪಾಲನ್ನೂ ಮಾರಲು ಇದ್ದ ಅಧಿಕಾರ, ಅವನ ಆಸ್ತಿ ವಹಿಸಿಕೊಳ್ಳುವ ರಿಸೀವರ್ ಕೈಗೆ ಬರುವಂತೆ 1948ರಲ್ಲಿ 1920ರ ಕಾಯ್ದೆಗೆ 28ಎ ಕಲಮು ಸೇರಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ, ಆಮೇಲಿನ ಸಾಲಗಳಿಗೆ ಧರ್ಮಬದ್ಧ ಹೊಣೆಯ ಹೆಸರಿನಲ್ಲಿ ಮಗನ ಮೇಲೆ ಹೋಗುವ ದಾರಿಯನ್ನು ಮುಚ್ಚಿತು. ಹಾಗಾಗಿ ಕಕ್ಷಿದಾರನ ಪ್ರಾಮಿಸರಿ ನೋಟಿನ ತಾರೀಖು ನೋಡದೆ ಈ ವಿಷಯದಲ್ಲಿ ಸಲಹೆ ಕೊಡುವಂತಿಲ್ಲ.

ಬ್ರಿಟಿಷ್ ಇಂಡಿಯಾದಲ್ಲಿ ದಿವಾಳಿ ಪರಿಹಾರ ಹುಟ್ಟಿದ್ದು ಜೈಲಿನ ಬಾಗಿಲಲ್ಲಿ. ಡಿಕ್ರಿಯ ಅಮಲ್ಜಾರಿಯಲ್ಲಿ ದಸ್ತಗಿರಿಯಾದವನು ತನ್ನ ಆಸ್ತಿಯನ್ನೆಲ್ಲ ಒಪ್ಪಿಸಿ ಬಿಡುಗಡೆ ಬೇಡುವ ವ್ಯವಸ್ಥೆಯನ್ನು 1877 ಮತ್ತು 1882ರ ಸಿವಿಲ್ ಪ್ರಕ್ರಿಯಾ ಸಂಹಿತೆಗಳು ಮಾಡಿದ್ದವು. 1907ರಲ್ಲಿ ಅದು ಬೇರೆ ಕಾಯ್ದೆಯಾಯಿತು. ಆ ಕಾಯ್ದೆಯಡಿ, ಷರತ್ತು ಪೂರೈಸಿದ ಸಾಲಗಾರನನ್ನು ದಿವಾಳಿ ಎಂದು ಘೋಷಿಸಲೇಬೇಕು, ಅವನ ನಡತೆ ಸರಿಯಿಲ್ಲವೆಂದು ಅರ್ಜಿ ತಳ್ಳುವಂತಿಲ್ಲ ಎಂದು ಛತ್ರಪತ್ ಸಿಂಗ್ ದುಗಾರ್ ಪ್ರಕರಣದಲ್ಲಿ (1916) ಪ್ರೀವಿ ಕೌನ್ಸಿಲ್ ಹೇಳಿತು. ಪರಿಣಾಮ ಊಹಿಸಬಹುದು: ಘೋಷಣೆ ಪಡೆದು ರಕ್ಷಣೆಯಲ್ಲಿ ಕೂತವರು ಅಂತಿಮ ವಿಮೋಚನೆಗೆ ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ. 1920ರ ಕಾಯ್ದೆ ಈ ತೂತನ್ನು ಮುಚ್ಚಿತು. 27ನೇ ಕಲಮಿನಂತೆ ನ್ಯಾಯಾಲಯ ಘೋಷಣೆಯ ಆದೇಶದಲ್ಲಿಯೇ ಗಡುವು ಹಾಕುತ್ತದೆ. ಆ ಗಡುವಿನೊಳಗೆ ವಿಮೋಚನೆ ಕೇಳದಿದ್ದರೆ 43ನೇ ಕಲಮಿನಂತೆ ಘೋಷಣೆಯೇ ರದ್ದು. ಪಾಪರ್ ಆಗುವುದು ಬೇರೆ, ಸಾಲದಿಂದ ಬಿಡುಗಡೆಯಾಗುವುದು ಬೇರೆ ಎಂಬುದನ್ನು ಕಕ್ಷಿದಾರನಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು.

ಕಾಯ್ದೆಯ ಪಠ್ಯವನ್ನು ಹತ್ತಿರದಿಂದ ಓದಿದರೆ ನೂರು ವರ್ಷ ಹಿಂದಿನ ಹಣ ಹಾಗೇ ಕೂತಿರುವುದು ಕಾಣುತ್ತದೆ. ಸಾಲಗಾರ ಅರ್ಜಿ ಹಾಕಲು ಸಾಲ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಡಿಕ್ರಿಯಲ್ಲಿ ದಸ್ತಗಿರಿಯೋ ಜಪ್ತಿ ಆದೇಶವೋ ಆಗಿರಬೇಕು. ಸಾಲ ಕೊಟ್ಟವನ ಅರ್ಜಿಗೂ ಅದೇ 500. ದಿವಾಳಿ ಕೃತ್ಯ ನಡೆದ ಮೂರು ತಿಂಗಳೊಳಗೆ ಅವನು ಬರಬೇಕು. ಆಸ್ತಿ ಹಂಚುವಾಗ ಆಳಿನ ನಾಲ್ಕು ತಿಂಗಳ ಸಂಬಳಕ್ಕೆ ಆದ್ಯತೆಯಿದೆ, ಒಟ್ಟು 20 ರೂಪಾಯಿವರೆಗೆ! ಆಸ್ತಿಯ ಬೆಲೆ ರೂಪಾಯಿಗೆ ಎಂಟಾಣೆಯಷ್ಟೂ ಬಾರದಿದ್ದರೆ ಪೂರ್ಣ ವಿಮೋಚನೆ ಇಲ್ಲ ಎನ್ನುತ್ತದೆ 42ನೇ ಕಲಮು. ಆದರೆ ತನ್ನ ತಪ್ಪಿಲ್ಲದ ಕಾರಣಕ್ಕೆ ಹೀಗಾಯಿತೆಂದು ಸಾಲಗಾರ ತೋರಿಸಿದರೆ ಆ ಅಡ್ಡಿ ಬಾರದು. ಮಳೆ ನಂಬಿ ಬೇಸಾಯ ಮಾಡುವ ಸೀಮೆಯ ವಕೀಲರಿಗೆ ಈ ವಿನಾಯಿತಿ ಮುಖ್ಯ. ಅರ್ಜಿಯಲ್ಲಿಯೇ ಬರದ ವರ್ಷ, ಬಿದ್ದ ಮಾರುಕಟ್ಟೆ ದರ, ಬತ್ತಿದ ಬೋರ್‌ವೆಲ್ ಇವನ್ನು ದಾಖಲೆ ಸಮೇತ ಇಡದೆ, ಎರಡು ವರ್ಷ ಕಳೆದ ಮೇಲೆ ಅವುಗಳ ನೆನಪಾಗಿ ಪ್ರಯೋಜನವಿಲ್ಲ.

ಇಷ್ಟಿದ್ದೂ ಹಳ್ಳಿಯ ಸಾಲಗಾರ ಈ ಕಾಯ್ದೆಯ ಹತ್ತಿರ ಸುಳಿದದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಕಾರಣ ಕಾಯ್ದೆಯ ರಚನೆಯಲ್ಲಿಯೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆ ಬೀಜ, ವಾಸದ ಮನೆ, ಅಡಿಗೆ ಪಾತ್ರೆ ಇವನ್ನು ಜಪ್ತಿಯಿಂದ ಹೊರಗಿಟ್ಟಿದೆ. ಅವು ರಿಸೀವರನಿಗೂ ಸೇರುವುದಿಲ್ಲ. ಉಳಿದ ಜಮೀನು ಬಹುಮಟ್ಟಿಗೆ ಆಧಾರವಾಗಿಯೋ ಭೋಗ್ಯವಾಗಿಯೋ ಹೋಗಿರುತ್ತಿತ್ತು. ಆಧಾರ ಹಿಡಿದವನ ಹಕ್ಕನ್ನು ದಿವಾಳಿ ಘೋಷಣೆ ಮುಟ್ಟುವುದಿಲ್ಲ. ದರಖಾಸ್ತಿನಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯಾದರೆ 1978ರ ಪರಭಾರೆ ನಿಷೇಧ ಕಾಯ್ದೆ ಡಿಕ್ರಿಯ ಹರಾಜನ್ನೂ ತಡೆಯುತ್ತದೆ. ಸಾಲ ಕೊಟ್ಟವನಿಗೆ ಇದರಲ್ಲಿ ಸಿಗುವುದೇನು? ಸಾಲಗಾರನಿಗೂ ಮೈಸೂರಿನ ಜಿಲ್ಲಾ ನ್ಯಾಯಾಲಯ ಅರವತ್ತು ಕಿಲೋಮೀಟರ್ ದೂರವಿತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಹಾಗಾಗಿ ಸರ್ಕಾರಗಳು ದಿವಾಳಿ ನ್ಯಾಯಾಲಯದ ಪಕ್ಕದಲ್ಲಿ ಬೇರೆ ಬಾಗಿಲುಗಳನ್ನು ತೆರೆಯುತ್ತ ಹೋದವು. ಇಲ್ಲೂ ಗಡಿಯ ಎರಡು ಬದಿಗೆ ಎರಡು ರೀತಿ. 1875ರ ದಖನ್ ದಂಗೆಯ ನಂತರ ಮುಂಬಯಿ ಸೀಮೆಗೆ ಬಂದ 1879ರ ಕಾಯ್ದೆಯ ಜಾಡಿನಲ್ಲಿ ಮೈಸೂರು 1928ರಲ್ಲಿ ಬೇಸಾಯಗಾರರ ಪರಿಹಾರ ಕಾಯ್ದೆ ಮಾಡಿತು. ಲೆಕ್ಕವನ್ನು ಮೊದಲಿಂದ ತೆಗೆದು ನೋಡುವ, ಕಂತು ಕಟ್ಟಿಕೊಡುವ ಅಧಿಕಾರ ನ್ಯಾಯಾಧೀಶರಿಗೆ ಸಿಕ್ಕಿತು. ಮದರಾಸಿನಲ್ಲಿ ರಾಜಾಜಿ ಸರ್ಕಾರದ 1938ರ ಕಾಯ್ದೆ ಇದಕ್ಕಿಂತ ಬಿರುಸು. 1932ರ ಅಕ್ಟೋಬರ್ 1ಕ್ಕಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರವರೆಗೆ ಬಾಕಿಯಿದ್ದ ಬಡ್ಡಿಯನ್ನೆಲ್ಲ ಅದು ಒಂದೇ ಏಟಿಗೆ ಅಳಿಸಿತು. ಅಸಲಿನ ಎರಡರಷ್ಟು ಕಟ್ಟಿದವನ ಸಾಲ ತೀರಿತೆಂದೇ ಲೆಕ್ಕ. ಕೊಳ್ಳೇಗಾಲದ ರೈತನಿಗೆ ಸಿಕ್ಕ ಈ ಅನುಕೂಲ ಯಳಂದೂರಿನವನಿಗೆ ಇರಲಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ, ದೇವರಾಜ ಅರಸು ಆಡಳಿತದಲ್ಲಿ, ಬಂದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲಗಳನ್ನು ತೊಡೆದು ಗಿರವಿ ಬಿಡಿಸಿತು. 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. ಅದರ ಅರ್ಜಿ ಹೋಗಬೇಕಾಗಿದ್ದದ್ದು ಉಪವಿಭಾಗಾಧಿಕಾರಿಗೆ, ತೊಂಬತ್ತು ದಿನಗಳೊಳಗೆ. ದುರ್ಬಲ ವರ್ಗದವರಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಇದನ್ನು 2016ರ ದಿವಾಳಿ ಸಂಹಿತೆಯ 80ನೇ ಕಲಮಿನ ‘ಹೊಸ ಆರಂಭ’ದ ಜೊತೆ ಇಟ್ಟು ನೋಡಬೇಕು. ಅಲ್ಲಿ ವಾರ್ಷಿಕ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ಮೀರಬಾರದು. ಸ್ವಂತ ಮನೆಯೂ ಇರಬಾರದು. ಹಂಚಿನ ಮನೆಯೊಂದು ಹೆಸರಿನಲ್ಲಿದ್ದರೆ ಕಡು ಬಡವನೂ ಇದರ ಹೊರಗೆ. ಅದೂ ಇನ್ನೂ ಜಾರಿಯಾಗಿಲ್ಲ. ಜಾರಿಯಾದರೂ ಅದರ ಅರ್ಜಿಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆಂದು ಬೆಂಗಳೂರಿಗೆ ಹೋಗಬೇಕಾಗುತ್ತದೆ.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. 1920ರ ಕಾಯ್ದೆಯ 6ನೇ ಕಲಮನ್ನು ಈಗ ಓದಬೇಕು: ಸಾಲ ಕೊಟ್ಟವರಿಗೆ ಕೈಕೊಡುವ ಇಲ್ಲವೇ ತಡಮಾಡಿಸುವ ಉದ್ದೇಶದಿಂದ ವಾಸದ ಮನೆ ಬಿಟ್ಟು ಹೋಗುವುದು ದಿವಾಳಿ ಕೃತ್ಯ. ಕಾನೂನಿನ ಕಣ್ಣಿನಲ್ಲಿ ಆ ಬೀಗವೇ ಅರ್ಜಿಗೆ ಆಧಾರವಾಗಬಹುದಿತ್ತು. ಬೆದರಿಸಿ ಓಡಿಸಿದವರನ್ನು ಕುರಿತು ‘ಉದ್ದೇಶ’ವನ್ನು ಹೇಗೆ ಹೇಳುವುದು ಎಂಬ ತಕರಾರನ್ನು ಸಾಲಗಾರನ ವಕೀಲರು ಎತ್ತಬೇಕು, ನಿಜ. ಆದರೆ ಯಾವ ಕಂಪನಿಗೂ ದಿವಾಳಿ ಅರ್ಜಿ ಬೇಕಿಲ್ಲ. ಘೋಷಣೆಯಾದರೆ ಸಾಲಗಾರನಿಗೆ ರಕ್ಷಣಾ ಆದೇಶ ಸಿಗುವ ದಾರಿ ತೆರೆಯುತ್ತದೆ, ನ್ಯಾಯಾಲಯದ ಅನುಮತಿಯಿಲ್ಲದೆ ದಾವೆ ಹೂಡುವಂತಿಲ್ಲ, ವಾರದ ಕಂತಿನ ವಸೂಲಿ ನಿಲ್ಲುತ್ತದೆ.

ಆ ಗಲಾಟೆಯ ಫಲ 2025ರ ಫೆಬ್ರವರಿ 12ರ ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ. ನೋಂದಣಿಯಿಲ್ಲದ, ಪರವಾನಗಿಯಿಲ್ಲದ ಲೇವಾದೇವಿದಾರರು ದುರ್ಬಲರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳ ಸಾಲಕ್ಕೆ ಈ ಮನ್ನಾ ಇಲ್ಲ. ಆದ್ದರಿಂದ ಕಕ್ಷಿದಾರ ತಂದ ಪಾಸ್‌ಬುಕ್ಕುಗಳಲ್ಲಿ ಯಾರು ನೋಂದಾಯಿತರು, ಯಾರು ಮೀಟರ್ ಬಡ್ಡಿಯವರು ಎಂದು ಬೇರ್ಪಡಿಸುವುದೇ ವಕೀಲರ ಮೊದಲ ಕೆಲಸ. ಉಳಿದ ಸಾಲ ದೊಡ್ಡದಿದ್ದರೆ, ಡಿಕ್ರಿಯ ಭಯವಿದ್ದರೆ, 1920ರ ಕಾಯ್ದೆಯ 10ನೇ ಕಲಮಿನ ಅರ್ಜಿ. ಅದಕ್ಕೆ ಹಿಂದಿನ ಎರಡು ವರ್ಷದಲ್ಲಿ ಹೆಂಡತಿಯ ಹೆಸರಿಗೆ ದಾನಪತ್ರವಾಗಿದೆಯೇ ಎಂದು ಕೇಳದೆ ಬಿಡಬಾರದು. 53ನೇ ಕಲಮು ಅದನ್ನು ರದ್ದುಮಾಡಿಸಬಲ್ಲದು. ಸ್ವಸಹಾಯ ಗುಂಪಿನ ಸಾಲವಾದರೆ ಇನ್ನೊಂದು ಮಾತು ಹೇಳಬೇಕು: 44ನೇ ಕಲಮಿನಂತೆ ವಿಮೋಚನೆ ಸಿಗುವುದು ಅರ್ಜಿದಾರಳಿಗೆ ಮಾತ್ರ. ಜೊತೆಗೆ ಸಹಿ ಹಾಕಿದ ಉಳಿದ ಹೆಂಗಸರ ಹೊಣೆ ಹಾಗೇ ಇರುತ್ತದೆ, ಕಂತು ಕೇಳುವವನು ಮರುದಿನ ಹೋಗುವುದು ಅವರ ಮನೆಗೆ.