ರಕ್ತಸಂಬಂಧ ಮತ್ತು ಮಸೂದೆ: ಡಚ್ ಸಿಂಹಾಸನದ ಉತ್ತರಾಧಿಕಾರ

2013ರ ಏಪ್ರಿಲ್ 30ರ ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮಿನ ಅರಮನೆಯಲ್ಲಿ ರಾಣಿ ಬಿಯಾಟ್ರಿಕ್ಸ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದರು. ಆ ಸಹಿಯೊಂದಿಗೇ ಮಗ ವಿಲೆಮ್-ಅಲೆಕ್ಸಾಂಡರ್ ದೊರೆಯಾದರು. ಮಧ್ಯಾಹ್ನ ಪಕ್ಕದ ನ್ಯೂವೆ ಕೆರ್ಕ್ ಚರ್ಚಿನಲ್ಲಿ ನಡೆದದ್ದನ್ನು ಪಟ್ಟಾಭಿಷೇಕ ಎನ್ನುವಂತಿಲ್ಲ. ಅದು ಸಂಸತ್ತಿನ ಎರಡೂ ಸದನಗಳ ಜಂಟಿ ಅಧಿವೇಶನ. ದೊರೆ ಅಲ್ಲಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಾರೆ. ಕಿರೀಟ ಮೇಜಿನ ಮೇಲೇ ಇರುತ್ತದೆ, ಯಾರ ತಲೆಗೂ ಏರುವುದಿಲ್ಲ. 1840ರಲ್ಲಿ ಎರಡನೆಯ ವಿಲಿಯಂಗಾಗಿ ಮಾಡಿಸಿದ ಈ ಕಿರೀಟ ಚಿನ್ನದ ನೀರು ಕುಡಿಸಿದ ಬೆಳ್ಳಿಯದು. ಹರಳುಗಳು ಬಣ್ಣದ ಗಾಜು, ಮುತ್ತುಗಳೂ ನಕಲಿ.

ಅಂದಿನ ಸಹಿಗೆ ಇನ್ನೊಂದು ಪರಿಣಾಮವೂ ಇತ್ತು. ಬಿಯಾಟ್ರಿಕ್ಸ್‌ರ ತಂಗಿ ಮಾರ್ಗ್ರೀಟ್‌ರ ಇಬ್ಬರು ಗಂಡುಮಕ್ಕಳು, ಮೌರಿಟ್ಸ್ ಮತ್ತು ಬರ್ನ್‌ಹಾರ್ಡ್, ಉತ್ತರಾಧಿಕಾರದ ಸಾಲಿನಿಂದ ಹೊರಬಿದ್ದರು. ಅವರ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ. ಸಂವಿಧಾನದ 25ನೆಯ ವಿಧಿಯ ಪ್ರಕಾರ ಮೊದಲ ಹಕ್ಕು ದೊರೆಯ ಸಂತತಿಗೆ. ಅದಿಲ್ಲದಿದ್ದರೆ ಬಂಧುಗಳಿಗೆ, ಅದೂ ಮೂರನೆಯ ತಲೆಯ ಸಂಬಂಧದವರೆಗೆ ಮಾತ್ರ. ಒಡಹುಟ್ಟಿದವರು ಎರಡನೆಯ ತಲೆ. ಅವರ ಮಕ್ಕಳು, ಹಾಗೆಯೇ ಚಿಕ್ಕಮ್ಮ ಚಿಕ್ಕಪ್ಪಂದಿರು ಮೂರನೆಯದು. ಚಿಕ್ಕಮ್ಮನ ಮಕ್ಕಳು ನಾಲ್ಕನೆಯದು. ತಂಗಿಯ ಮಕ್ಕಳಾಗಿ ಬಿಯಾಟ್ರಿಕ್ಸ್‌ಗೆ ಹತ್ತಿರದವರಾಗಿದ್ದವರು ಹೊಸ ದೊರೆಗೆ ದೂರದವರಾದರು. ಅಂದರೆ ಹಕ್ಕಿನ ಮೂಲ ಒಂದನೆಯ ವಿಲಿಯಂನ ವಂಶದಲ್ಲಿದ್ದರೂ ಅದನ್ನು ಅಳೆಯುವುದು ಈಗ ಗದ್ದುಗೆಯಲ್ಲಿ ಇರುವವರಿಂದ. ಗದ್ದುಗೆ ಕೈಬದಲಾದಾಗಲೆಲ್ಲ ಅಳತೆಯೂ ಹೊಸದಾಗುತ್ತದೆ.

ಈ ಬಿಗಿಗೆ ಚರಿತ್ರೆಯ ಕಾರಣವಿದೆ. 1890ರಲ್ಲಿ ಮೂರನೆಯ ವಿಲಿಯಂ ತೀರಿಕೊಂಡಾಗ ಒಬ್ಬನೇ ಹೊತ್ತಿದ್ದ ಎರಡು ಪಟ್ಟಗಳು ಬೇರೆಬೇರೆ ದಾರಿ ಹಿಡಿದವು. ನೆದರ್ಲೆಂಡ್ಸಿನಲ್ಲಿ ಗಂಡು ಸಂತಾನ ಉಳಿಯದ ಕಾರಣ ಹತ್ತು ವರ್ಷದ ವಿಲ್ಹೆಲ್ಮಿನಾ ರಾಣಿಯಾದಳು, ತಾಯಿ ಎಮ್ಮಾ ರಾಜಪ್ರತಿನಿಧಿಯಾದರು. ಲಕ್ಸೆಂಬರ್ಗ್ ಮಾತ್ರ ನಸ್ಸೌ ಮನೆತನದ ಹಳೆಯ ಕೌಟುಂಬಿಕ ಒಪ್ಪಂದದಂತೆ ಗಂಡು ಕವಲಿನ ಅಡಾಲ್ಫನ ಪಾಲಾಯಿತು. 1909ರಲ್ಲಿ ವಿಲ್ಹೆಲ್ಮಿನಾಳ ಮಗಳು ಯುಲಿಯಾನಾ ಹುಟ್ಟುವ ತನಕ ಡಚ್ ಸಿಂಹಾಸನದ ಮುಂದಿನ ಹಕ್ಕುದಾರ ಒಬ್ಬ ಜರ್ಮನ್ ಅರಸ, ಸಾಕ್ಸೆ-ವೈಮಾರ್‌ನ ವಿಲ್ಹೆಲ್ಮ್ ಅರ್ನ್‌ಸ್ಟ್. ದೂರದ ಜರ್ಮನ್ ನೆಂಟರಿಗೆ ಬಾಗಿಲು ಮುಚ್ಚಿದ್ದು 1922ರ ಸಂವಿಧಾನ ತಿದ್ದುಪಡಿ. 1983ರ ತಿದ್ದುಪಡಿ ಗಂಡು-ಹೆಣ್ಣೆಂಬ ಭೇದ ತೆಗೆದು ಚೊಚ್ಚಲಿಗೇ ಹಕ್ಕು ಎಂದಿತು. ಸ್ವೀಡನ್ನಿನಲ್ಲಿ ಅದು ಮೂರು ವರ್ಷ ಮೊದಲೇ ಆಗಿತ್ತು.

ಆದರೂ ಸಾಲಿನಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ನಿಜವಾಗಿ ತೀರ್ಮಾನಿಸುತ್ತ ಬಂದಿರುವುದು 28ನೆಯ ವಿಧಿ ಎಂಬುದು ನನ್ನ ವಾದ. ಸಾಲಿನಲ್ಲಿರುವವರು ಸಂಸತ್ತು ಕಾಯ್ದೆಯ ಮೂಲಕ ಕೊಡುವ ಒಪ್ಪಿಗೆಯಿಲ್ಲದೆ ಮದುವೆಯಾದರೆ ಅವರೂ ಆ ಮದುವೆಯ ಸಂತಾನವೂ ಹಕ್ಕು ಕಳೆದುಕೊಳ್ಳುತ್ತಾರೆ; ದೊರೆಯೇ ಹಾಗೆ ಮಾಡಿದರೆ ಅದೇ ಪದತ್ಯಾಗ. ಕಾಗದದ ಮೇಲೆ ಇದು ಸಂಸತ್ತಿನ ಅಧಿಕಾರ. ಆದರೆ ಯಾರ ಮದುವೆಗೂ ಸಂಸತ್ತು ಬೇಡವೆಂದು ಮತ ಹಾಕಬೇಕಾಗಿ ಬಂದದ್ದಿಲ್ಲ. ತೊಡಕಿನ ಪ್ರಕರಣಗಳಲ್ಲಿ ಮಸೂದೆ ಸದನದ ಮೆಟ್ಟಿಲನ್ನೇ ಹತ್ತಿಲ್ಲ. 1964ರಲ್ಲಿ ರಾಜಕುಮಾರಿ ಇರೇನೆ ಸ್ಪೇನಿನ ಸಿಂಹಾಸನಕ್ಕೆ ಹಕ್ಕು ಹೂಡಿದ್ದ ಮನೆತನದ ಕಾರ್ಲೋಸ್ ಹ್ಯೂಗೋನನ್ನು ರೋಮಿನಲ್ಲಿ ಮದುವೆಯಾದಾಗ ಒಪ್ಪಿಗೆಯ ಮಸೂದೆಯೇ ಇರಲಿಲ್ಲ. 2003ರಲ್ಲಿ ರಾಜಕುಮಾರ ಫ್ರಿಸೋ ಅಣ್ಣ ವಿಲೆಮ್-ಅಲೆಕ್ಸಾಂಡರ್‌ರ ನಂತರದ ಹಕ್ಕುದಾರ. ಆತನ ವಧುವಿನ ಹಿಂದಿನ ಪರಿಚಯಗಳ ಬಗ್ಗೆ ಜೋಡಿ ಕೊಟ್ಟ ಮಾಹಿತಿ ಅಪೂರ್ಣವೂ ತಪ್ಪೂ ಆಗಿತ್ತೆಂದು ಪ್ರಧಾನಿ ಬಾಲ್ಕನೆಂಡೆ ಹೇಳಿ, ಮಸೂದೆ ತರಲು ಒಪ್ಪಲಿಲ್ಲ. ಮರುವರ್ಷ ಮದುವೆ ನಡೆಯಿತು, ಹಕ್ಕು ಹೋಯಿತು. ಮಾರ್ಗ್ರೀಟ್‌ರ ಇನ್ನಿಬ್ಬರು ಮಕ್ಕಳು 2005ರಲ್ಲಿ ಒಪ್ಪಿಗೆ ಕೇಳುವ ಗೋಜಿಗೇ ಹೋಗಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ವಿಲೆಮ್-ಅಲೆಕ್ಸಾಂಡರ್‌ರ ವಧು ಮ್ಯಾಕ್ಸಿಮಾರದು. ಅವರ ತಂದೆ ಅರ್ಜೆಂಟೀನಾದ ಸೇನಾಡಳಿತದಲ್ಲಿ ಕೃಷಿ ಖಾತೆ ನೋಡಿಕೊಂಡಿದ್ದವರು. ಸರ್ಕಾರ ಮೊದಲು ತೆರೆಮರೆಯಲ್ಲಿ ಮಾತುಕತೆ ನಡೆಸಿ, ತಂದೆ ಮದುವೆಗೆ ಬರುವುದಿಲ್ಲವೆಂದು ಗೊತ್ತುಮಾಡಿಕೊಂಡ ಮೇಲೆ 2001ರಲ್ಲಿ ಮಸೂದೆ ಅಂಗೀಕಾರವಾಯಿತು. ದೊರೆ ಪ್ರಶ್ನಾತೀತ, ಹೊಣೆ ಮಂತ್ರಿಗಳದು ಎಂಬ 1848ರ ಸೂತ್ರ ಇಲ್ಲಿ ಅರಮನೆಯ ಮದುವೆಯ ಮಾತುಕತೆಗೂ ಹರಡಿದೆ. ಹಕ್ಕನ್ನು ರಕ್ತ ಕೊಡುತ್ತದೆ. ಉಳಿಸಿಕೊಳ್ಳಲು ಮಂತ್ರಿಮಂಡಲ ಬೇಕು. ಇದನ್ನು ಬರೀ ಆನುವಂಶಿಕ ಪದ್ಧತಿ ಎಂದು ಪಠ್ಯಪುಸ್ತಕಗಳು ಮುಗಿಸಿಬಿಡುವುದು ನನಗೆ ಅಷ್ಟಾಗಿ ಒಪ್ಪಿತವಲ್ಲ.

ಮುಂದಿನ ಸರದಿ 2003ರಲ್ಲಿ ಹುಟ್ಟಿದ ಕ್ಯಾಥರೀನಾ-ಅಮಾಲಿಯಾರದು. ಅವರು ಪಟ್ಟಕ್ಕೆ ಬಂದ ದಿನ ಚಿಕ್ಕಪ್ಪ ಕಾನ್‌ಸ್ಟಾಂಟೈನ್ ಸಾಲಿನಲ್ಲಿ ಉಳಿಯುತ್ತಾರೆ, ಅವರ ಮೂವರು ಮಕ್ಕಳು ನಾಲ್ಕನೆಯ ತಲೆಗೆ ಸರಿದು ಹೊರಬೀಳುತ್ತಾರೆ. ಸಲಿಂಗ ವಿವಾಹಕ್ಕಾಗಿ ಯಾರೂ ಸಿಂಹಾಸನ ಬಿಡಬೇಕಾಗಿಲ್ಲ ಎಂದು 2021ರಲ್ಲಿ ಪ್ರಧಾನಿ ರುಟ್ಟೆ ಸಂಸತ್ತಿಗೆ ತಿಳಿಸಿದರು. ಆದರೆ ಅಂಥ ದಾಂಪತ್ಯದ ಮಕ್ಕಳು 24ನೆಯ ವಿಧಿ ಹೇಳುವ ನ್ಯಾಯಬದ್ಧ ಸಂತತಿಯಲ್ಲಿ ಸೇರುತ್ತಾರೋ ಇಲ್ಲವೋ ಎಂಬುದನ್ನು ಅಂಥ ಪ್ರಸಂಗ ಬಂದಾಗ ನೋಡಿಕೊಳ್ಳೋಣ ಎಂದು ಬಿಟ್ಟರು.